ಟಕ್ ಎನ್ನದ ಗುಂಡಿ

ಆ ಪೆಟ್ಟಿಗೆ ಸಿರುಗುಪ್ಪದಿಂದ ಬಳ್ಳಾರಿಗೆ ಒಂಟಿಯಾಗಿ ಬಂತು. ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟಿನ ಕೆಳಗೆ, ಅಕ್ಕಿ ಚೀಲದೊಳಗೆ, ಸುತಳಿ ಬಿಗಿಸಿಕೊಂಡು ಕೂತಿತ್ತು. ನಾನು ಬಸ್ ಸ್ಟ್ಯಾಂಡಿಗೆ ಹೋಗಿ ಇಳಿಸಿಕೊಳ್ಳುವಾಗ ಕಂಡಕ್ಟರ್ ಒಂದು ಕೈ ಕೊಟ್ಟು, "ಏನ್ರಿ ಅಕ್ಕಾರ, ಇಷ್ಟು ಭಾರ? ರುಬ್ಬೋ ಕಲ್ಲೇನು?" ಎಂದ. ಕಂಪ್ಯೂಟರ್ ಎಂದೆ. ಅವನು ನಂಬಲಿಲ್ಲ.

ಅಂಗಡಿಯಲ್ಲಿ ಚೀಲ ಬಿಚ್ಚಿದಾಗ ಅವನದೇನೂ ತಪ್ಪಿಲ್ಲ ಅನ್ನಿಸಿತು. ತೊಂಬತ್ತರ ದಶಕದ ನಿಲುವು ಕ್ಯಾಬಿನೆಟ್ಟು, ದಪ್ಪ ತಗಡು. ಒಂದು ಕಾಲಕ್ಕೆ ಬೆಳ್ಳಗಿದ್ದ ಮುಂಭಾಗ ಹಳೆ ತುಪ್ಪದ ಬಣ್ಣಕ್ಕೆ ತಿರುಗಿತ್ತು. ಮುಂದೆ ಒಂದು ಕೀಲಿಕಿಂಡಿ, ಎರಡು ಸಣ್ಣ ಗುಂಡಿ, ಅವುಗಳ ಕೆಳಗೆ ಹೆಬ್ಬೆರಳಿನಗಲದ ಒಂದು ಚೌಕ ಗುಂಡಿ. ನೆತ್ತಿಯ ಮೇಲೆ ವರ್ಷ ವರ್ಷದ ಆಯುಧಪೂಜೆಯ ವಿಭೂತಿ, ಕುಂಕುಮ ಒಂದರ ಮೇಲೊಂದು ಕೂತು ತಗಡಿಗೇ ಅಂಟಿಬಿಟ್ಟಿದ್ದವು.

ಅದರ ಒಡೆಯರು ಸಿರುಗುಪ್ಪದಲ್ಲಿ ಕಚೇರಿಗಳ ಎದುರಿನ ಸಾಲಿನಲ್ಲಿ ಬಾಡಿಗೆ ಕೋಣೆ ಹಿಡಿದು ಜನರಿಗೆ ಅರ್ಜಿ ಬರೆದುಕೊಡುವವರು. ಹಿಂದೆ ಬೆರಳಚ್ಚು ಕಲಿಸುತ್ತಿದ್ದರಂತೆ, ಅದಕ್ಕೇ ಊರೆಲ್ಲ ಅವರನ್ನು ಮಾಸ್ತರು ಎನ್ನುತ್ತದೆ. ಎಂಟು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋಯಿತು. ಕೆಲಸ ಮಾತ್ರ ಬಿಡಲಿಲ್ಲ. ಒತ್ತಿದ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಹಾಕಿಸಿಕೊಂಡು, ಅದೇ ಕಂಪ್ಯೂಟರಿನ ಮುಂದೆ ಅದೇ ಕುರ್ಚಿಯಲ್ಲಿ ಕೂತು ಟೈಪು ಮಾಡುತ್ತ ಬಂದಿದ್ದರು. ಈಗ ಅದರ ಮದರ್‌ಬೋರ್ಡು ಸತ್ತಿತ್ತು. ಸಾಯದಿದ್ದರೂ ಬದಲಿಸಲೇಬೇಕಿತ್ತು, ಈಗ ಅರ್ಜಿಗಳನ್ನೆಲ್ಲ ಆನ್‌ಲೈನಿನಲ್ಲಿ ಏರಿಸಬೇಕು, ಆ ಮುದಿ ಯಂತ್ರದಲ್ಲಿ ಒಂದು ಜಾಲತಾಣವೂ ತೆರೆಯುತ್ತಿರಲಿಲ್ಲ.

ಫೋನಿನಲ್ಲಿ ಅವರು ಹಾಕಿದ ಕರಾರು ಒಂದೇ.

"ತಂಗಿ, ಒಳಗ ಏನರ ಹಾಕು. ಹೊಸಾದು ಹಾಕು, ಜೋರಿಂದು ಹಾಕು. ಪೆಟ್ಟಿಗಿ ಮಾತ್ರ ಬದಲಿ ಮಾಡಬ್ಯಾಡ. ನನ್ನ ಕೈಗೆ ಆ ಪೆಟ್ಟಿಗಿ ಗೊತ್ತೈತಿ. ಬ್ಯಾರೆ ಪೆಟ್ಟಿಗಿ ಮುಂದ ಕುಂದ್ರಿಸಿದ್ರ ನಾ ಕುರುಡ ಆಕ್ಕೀನಿ."

ಆ ಮಾತಿಗೆ ನಾನು ನಕ್ಕೆ. "ಆತ್ರಿ ಮಾಸ್ತರ್ರ, ಪೆಟ್ಟಿಗಿ ನಿಮ್ದು, ಜೀವ ನಂದು" ಎಂದು ಡೈಲಾಗು ಬೇರೆ ಹೊಡೆದೆ. ಬಾಯಿ ಮುಂದಾಗುವುದು ನನ್ನ ಹಳೆಯ ಚಾಳಿ.

ನಾಲ್ಕು ದಿನ ಆ ಪೆಟ್ಟಿಗೆಯೊಂದಿಗೆ ಕುಸ್ತಿ ಹಿಡಿದೆ. ಕವಚ ಮೂರು ಕಡೆಯೂ ಒಂದೇ ತಗಡು, ಹಿಂದಿನ ಆರು ತಿರುಪು ಬಿಚ್ಚಿ ಎಳೆಯಬೇಕು. ಎಳೆದಾಗ ಒಂದು ಹಿಡಿ ತೌಡು ಉದುರಿತು, ಸಿರುಗುಪ್ಪದ ಗಾಳಿಯಲ್ಲಿ ಅಕ್ಕಿ ಗಿರಣಿ ಇರದ ಜಾಗವಿಲ್ಲ. ಹಳೆ ಬೋರ್ಡಿಗೆ ಹಿಂದುಗಡೆ ಕೀಲಿಮಣೆಯ ಒಂದೇ ತೂತು ಸಾಕಾಗಿತ್ತು. ಹೊಸ ಬೋರ್ಡಿಗೆ ಅಂಗೈಯಗಲದ ಕಿಂಡಿ ಬೇಕು. ಗುರುತು ಹಾಕಿ, ಸಾಲಾಗಿ ತೂತು ಕೊರೆದು, ತುಂಡು ಕಿತ್ತು, ಅಂಚನ್ನು ಅರದಿಂದ ಉಜ್ಜಿದೆ. ಬೋರ್ಡು ತಗಡಿಗೆ ತಾಗದಂತೆ ಎತ್ತಿ ಹಿಡಿಯುವ ಹಿತ್ತಾಳೆ ಗೂಟಗಳಿಗೆ ಹೊಸ ಜಾಗ ಅಳೆದೆ. ಮೊದಲ ಸಲ ಒಂದು ಗೂಟ ಕೂದಲೆಳೆಯಷ್ಟು ತಪ್ಪಿತು, ಮತ್ತೆ ಕೊರೆದೆ. ಫ್ಲಾಪಿ ಕೂರುತ್ತಿದ್ದ ಗೂಡಿನಲ್ಲಿ ತಿರುಗದ, ಸದ್ದಿಲ್ಲದ ಹೊಸ ಬಗೆಯ ಡಿಸ್ಕು, ಎಸ್‌ಎಸ್‌ಡಿ, ಕೂರಿಸಿದೆ. ಮಾಸ್ತರರ ಕೀಲಿಮಣೆಯ ಹಳೆಯ ದಪ್ಪ ಪಿನ್ನಿಗೆ ಜೋಡಣೆ ಹುಡುಕಿ ತಂದೆ. ಅವರ ಬೆರಳಿಗೆ ಒಗ್ಗಿದ ಹಳೆ ಕನ್ನಡ ಟೈಪಿಂಗ್ ತಂತ್ರಾಂಶವನ್ನೂ ಹೊಸದರಲ್ಲಿ ಓಡುವಂತೆ ಮಾಡಿದೆ. ಬರೆದದ್ದನ್ನು ತಾನಾಗಿ ಉಳಿಸಿಕೊಳ್ಳುವ ಬುದ್ಧಿ ಅದಕ್ಕಿಲ್ಲ, ಆದರೆ ಬೇರೆಯದು ಅವರಿಗೆ ಬೇಡವಾಗಿತ್ತು.

ಚೌಕ ಗುಂಡಿಯ ಸಂಗತಿ ಬೇರೆ. ಆ ಕಾಲದ ಗುಂಡಿ ಒತ್ತಿದರೆ ಟಕ್ ಎಂದು ಒಳಗೆ ಹೋಗಿ ಅಲ್ಲೇ ಕೂರುತ್ತದೆ, ಮತ್ತೊಮ್ಮೆ ಒತ್ತಿದರೆ ಟಕ್ ಎಂದು ಹೊರಗೆ ಬರುತ್ತದೆ. ಗೋಡೆಯ ಸ್ವಿಚ್ಚಿನಂತೆ ಅದು ಕರೆಂಟನ್ನೇ ಕೊಟ್ಟು ಕಡಿಯುವ ಗುಂಡಿ. ಇಂದಿನ ಬೋರ್ಡಿಗೆ ಬೇಕಾದ್ದು ಕರೆಗಂಟೆಯಂಥದು, ಬೆರಳು ತೆಗೆದರೆ ತಾನೇ ಹಿಂದಕ್ಕೆ ಬರಬೇಕು. ಹಳೆ ಸ್ವಿಚ್ಚಿನ ಹೊಟ್ಟೆಯೊಳಗೆ ಗುಂಡಿಯನ್ನು ಹಿಡಿದಿಡುವ ಒಂದು ಸಣ್ಣ ತಂತಿ ಕೊಕ್ಕೆ ಇರುತ್ತದೆ. ಅದನ್ನು ಇಕ್ಕಳದಿಂದ ಕಿತ್ತೆಸೆದೆ. ಗುಂಡಿ ಬೆಣ್ಣೆಯಂತೆ ಒಳಗೆ ಹೋಗಿ ಬೆಣ್ಣೆಯಂತೆ ಹೊರಗೆ ಬಂತು. ಹೊರಗಿನಿಂದ ನೋಡಿದರೆ ಏನೂ ಬದಲಾಗಿಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ನನ್ನ ಇನ್ನೊಂದು ಜಂಬದ ಬಗ್ಗೆಯೂ ಹೇಳಿಬಿಡಬೇಕು. ನನಗೆ ಸದ್ದು ಕಂಡರಾಗದು. ಗರ್ರ್ ಎನ್ನುವ ಫ್ಯಾನು, ಕಟಕಟ ಎನ್ನುವ ಡಿಸ್ಕುಗಳ ನಡುವೆ ಕೂತು ಕೂತು, ಸದ್ದು ಮಾಡುವ ಯಂತ್ರವೆಂದರೆ ನರಳುವ ಯಂತ್ರ ಎಂದು ತೀರ್ಮಾನಿಸಿದವಳು ನಾನು. ಮಾಸ್ತರರ ಪೆಟ್ಟಿಗೆಗೆ ದೊಡ್ಡದೊಂದು ನಿಧಾನದ ಫ್ಯಾನು ಹಾಕಿ, ತಿರುಪಿನ ಬುಡಕ್ಕೆಲ್ಲ ರಬ್ಬರ್ ಬಿಲ್ಲೆ ಕೊಟ್ಟೆ. ಕಿವಿಯನ್ನು ತಗಡಿಗೆ ಒತ್ತಿ ಹಿಡಿದರೂ ಏನೂ ಕೇಳಿಸದಂತಾಯಿತು.

ಸೋಮವಾರ ಸಿರುಗುಪ್ಪಕ್ಕೆ ಒಯ್ದು ಕೂರಿಸಿದೆ. ಮಾಸ್ತರರು ಎರಡೂ ಕೈಯಿಂದ ಪೆಟ್ಟಿಗೆಯ ನೆತ್ತಿ, ಪಕ್ಕ, ಮುಂಭಾಗ ಸವರಿದರು. ಎಂದೋ ಪೆಟ್ಟು ಬಿದ್ದು ಆಗಿದ್ದ ಬಲಪಕ್ಕದ ತಗ್ಗಿನ ಮೇಲೆ ಬೆರಳು ನಿಂತಿತು. "ಇದೂ ಹಂಗೇ ಐತಿ" ಎಂದು ನಕ್ಕರು. ನಾನೇ ಗುಂಡಿ ಒತ್ತಿ ಚಾಲೂ ಮಾಡಿದೆ, ಒಂದು ನಿಮಿಷದೊಳಗೆ ಯಂತ್ರ ಮಾತಾಡಿತು. ಬೆಳಿಗ್ಗೆ ಕೋಣೆಯ ಕಸ ಹೊಡೆದು ಕಂಪ್ಯೂಟರ್ ಹಚ್ಚುವುದು ಅವರ ಹೆಂಡತಿಯ ಕೆಲಸ, ಅವರಿಲ್ಲದಾಗ ಮಾಸ್ತರರೇ ಹಚ್ಚಿಕೊಳ್ಳುತ್ತಿದ್ದರು. ಹೆಂಡತಿಗೆ ಗುಂಡಿ ತೋರಿಸಿ, "ಅಮ್ಮಾರ, ಇನ್ನು ಒತ್ತಿ ಹಿಡಿಯೋದು ಬ್ಯಾಡ್ರಿ, ಸುಮ್ನ ಮುಟ್ಟಿದ್ರ ಸಾಕು" ಎಂದೆ. ಮಾಸ್ತರರೂ ಕೇಳಿಸಿಕೊಂಡು "ಆತು" ಎಂದರು.

ನಾನು ಹೊರಡುವಾಗ ಅವರು ತಲೆ ಸ್ವಲ್ಪ ಓರೆ ಮಾಡಿ ಹೇಳಿದರು. "ತಂಗಿ, ಸದ್ದೇ ಇಲ್ಲಲ್ಲ?"

ಅದನ್ನು ನಾನು ಹೊಗಳಿಕೆ ಎಂದುಕೊಂಡೆ. ಬಸ್ಸಿನಲ್ಲಿ ಬಳ್ಳಾರಿಯವರೆಗೂ ಅದನ್ನೇ ಮೆಲುಕು ಹಾಕುತ್ತ ಬಂದೆ.

ಗುರುವಾರ ಅಮ್ಮನವರ ಫೋನು ಬಂತು. ಕಂಪ್ಯೂಟರ್ ನಡುವೆಯೇ ಆರಿಹೋಗುತ್ತಿದೆ, ಬರೆದದ್ದು ಹೋಗುತ್ತಿದೆ. ನಾನು ಹಿಂದೆಮುಂದೆ ನೋಡದೆ ಕರೆಂಟಿನ ಮೇಲೆ ಗೂಬೆ ಕೂರಿಸಿದೆ. ಮರುದಿನ ಮೀಟರು, ಇನ್ನೊಂದು ಪವರ್ ಸಪ್ಲೈ ಹೊತ್ತುಕೊಂಡು ಹೋದೆ. ವೋಲ್ಟೇಜು ಕುಣಿಯುತ್ತಿದ್ದುದು ನಿಜ, ಆದರೆ ಯುಪಿಎಸ್ ಅದನ್ನು ತಡೆಯುತ್ತಿತ್ತು. ಆದರೂ ಪವರ್ ಸಪ್ಲೈ ಬದಲಿಸಿದೆ. ಯಂತ್ರ ತಾನೇ ಬರೆದಿಟ್ಟುಕೊಳ್ಳುವ ದಿನಚರಿ ತೆಗೆದು ನೋಡಿದರೆ, ಅನಿರೀಕ್ಷಿತವಾಗಿ ಆರಿದೆ ಎಂಬ ಒಂದೇ ಸಾಲು. ಯಾಕೆ ಎಂದು ಹೇಳದ ದಿನಚರಿ ಇದ್ದರೇನು, ಬಿಟ್ಟರೇನು.

"ಈಗ ಸರಿ ಆತ್ರಿ" ಎಂದು ಹೇಳಿ ಬಂದೆ. ಮಂಗಳವಾರ ಮತ್ತೆ ಫೋನು.

ಈ ಸಲ ಬಿಸಿಲಿನ ಮೇಲೆ ಅನುಮಾನಪಟ್ಟೆ. ಏಪ್ರಿಲ್ ತಿಂಗಳು, ಕೋಣೆಗೆ ಸಿಮೆಂಟ್ ಶೀಟಿನ ಚಾವಣಿ, ಒಳಗೆ ನಿಂತರೆ ನೆತ್ತಿ ಸುಡುತ್ತಿತ್ತು. ಪ್ರೊಸೆಸರಿನ ಮೇಲಿನ ಅಂಟು ಒರೆಸಿ ಹೊಸದಾಗಿ ಹಚ್ಚಿದೆ, ತಾಪ ಅಳೆದೆ. ಎಲ್ಲ ಮಿತಿಯೊಳಗೇ ಇತ್ತು. ನಾನು ಇದ್ದ ಮೂರು ತಾಸು ಯಂತ್ರ ಮಿಸುಕದೆ ನಡೆಯಿತು. ನನಗೆ ಸಿಟ್ಟು ಏರತೊಡಗಿತು. ಕೆಟ್ಟಿರುವ ಯಂತ್ರದ ಮೇಲೆ ನನಗೆ ಸಿಟ್ಟು ಬರುವುದಿಲ್ಲ, ನಾನಿರುವಾಗ ನೆಟ್ಟಗಿದ್ದು ನಾನು ಹೋದ ಮೇಲೆ ಆಟವಾಡುವ ಯಂತ್ರದ ಮೇಲೆ ಬರುತ್ತದೆ.

ಪೆಟ್ಟಿಗೆಯನ್ನು ಮತ್ತೆ ಚೀಲಕ್ಕೆ ತುಂಬುವಾಗ ಅಮ್ಮನವರು ಹೊರಗಿನ ಬೇವಿನ ಮರದ ತನಕ ನನ್ನ ಜೊತೆ ಬಂದರು. ಆಮೇಲೆ ದನಿ ತಗ್ಗಿಸಿ ಹೇಳಿದರು.

"ತಂಗಿ, ನಿಜ ಹೇಳು. ದೋಷ ಇದ್ರಾಗ ಐತೋ, ಅವ್ರಾಗ ಐತೋ?"

"ಯಾಕ್ರಿ ಅಮ್ಮಾರ ಹಂಗಂತೀರಿ?"

"ಅವ್ರ ಅಣ್ಣಗ ಹಿಂಗ ಶುರು ಆಗಿತ್ತು. ಮೊದಲು ಸಣ್ಣ ಸಣ್ಣಾವು ಮರೀತಿದ್ರು. ದೀಪ ಹಚ್ಚೀನೋ ಇಲ್ಲೋ, ಬಾಗ್ಲಾ ಹಾಕೀನೋ ಇಲ್ಲೋ. ಕಡೀಕ ಹೆಂಡ್ತಿ ಗುರ್ತೂ ಹತ್ತಲಿಲ್ಲ. ಈಗ ಇವ್ರು ರಾತ್ರಿ ಊಟಕ್ಕ ಕುಂತಾಗ ಕೇಳ್ತಾರ, 'ಕಂಪ್ಯೂಟರ್ ಹಚ್ಚಿದ್ನೋ ಇಲ್ಲೋ ಅಂತ ನನಗ ನೆನಪ ಬರವಲ್ದು, ಇದೇನು ನಮ್ಮಣ್ಣನ ಹಾದೀನ ಏನು' ಅಂತ. ರಾರಾವಿಯಿಂದ ಒಬ್ಬಾಕಿ ಹೆಣ್ಮಗಳು ಬರ್ತಾಳ. ಗಂಡ ಮನ್ಯಾಗ ಸತ್ತಾನ, ದಾಖಲಿ ಮಾಡಿಸಿಲ್ಲ. ಈಗ ತಡ ಆಗೇತಿ, ಹೆಂಗ ಸತ್ತ ಅಂತ ಪೂರಾ ಬರದು ಕೊಡಬೇಕು. ಎರಡು ಸಲ ಆಕಿ ಕಡೆ ಎಲ್ಲಾ ಹೇಳಿಸಿದ್ರು. ಎರಡೂ ಸಲ ಹೋತು. ಮೂರನೇ ಸಲ ಹೆಂಗ ಕೇಳ್ಲಿ ಅಂತ ಅವ್ರು ಉಣ್ಣದ ಎದ್ರು."

ಅಲ್ಲಿಯವರೆಗೆ ಇದು ನನ್ನ ಹೆಸರಿನ ಪ್ರಶ್ನೆ ಎಂದುಕೊಂಡಿದ್ದೆ. ಒಬ್ಬ ಮನುಷ್ಯ ತನ್ನ ತಲೆಯನ್ನೇ ನಂಬದಂತಾಗುತ್ತಿದ್ದಾನೆ ಎಂದು ನನಗೆ ಹೊಳೆದೇ ಇರಲಿಲ್ಲ. "ದೋಷ ಯಂತ್ರದಾಗ ಐತ್ರಿ, ನಾ ಹುಡುಕ್ತೀನಿ" ಎಂದೆ. ಆದರೆ ಆ ಮಾತನ್ನು ನಾನೇ ಪೂರ್ತಿ ನಂಬಿರಲಿಲ್ಲ. ಎಲ್ಲ ಭಾಗವೂ ಸರಿಯಿದ್ದಾಗ ಉಳಿಯುವುದು ಬಳಸುವ ಮನುಷ್ಯ ತಾನೆ ಎಂಬ ಕೆಟ್ಟ ಯೋಚನೆ ನನಗೂ ಬಂತು, ಮುಚ್ಚಿಟ್ಟು ಪ್ರಯೋಜನವಿಲ್ಲ.

ಬಳ್ಳಾರಿಯಲ್ಲಿ ಒಂದು ವಾರ ಅದನ್ನು ಅಂಗಡಿಯ ಮೂಲೆಯಲ್ಲಿ ಓಡಿಸಿದೆ. ರ‍್ಯಾಮಿನ ಪರೀಕ್ಷೆ, ಡಿಸ್ಕಿನ ಪರೀಕ್ಷೆ, ಪ್ರೊಸೆಸರಿಗೆ ಬೆವರಿಳಿಸುವ ಪರೀಕ್ಷೆ. ಗೂಟದ ಬಳಿ ಎಲ್ಲಾದರೂ ತಗಡು ತಾಗುತ್ತಿದೆಯೇ ಎಂದು ಕಾಗದ ತೂರಿಸಿ ನೋಡಿದೆ. ಪೆಟ್ಟಿಗೆಯನ್ನು ಅಲುಗಾಡಿಸಿದೆ, ಬಡಿದೆ, ಬೈದೆ. ಬೇರೆ ಗಿರಾಕಿಗಳ ಕೆಲಸ ಹಾಗೇ ಬಿದ್ದಿತ್ತು. ಒಮ್ಮೆಯೂ ಆರಲಿಲ್ಲ. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಶುಕ್ರವಾರ ಮತ್ತೆ ಬಸ್ಸು ಹತ್ತಿದೆ. ಈ ಸಲ ಉಪಕರಣದ ಚೀಲ ತೆರೆಯಬಾರದು, ಸುಮ್ಮನೆ ಕೂತು ನೋಡಬೇಕು ಎಂದು ತೀರ್ಮಾನ ಮಾಡಿದ್ದೆ.

ಯಂತ್ರ ಕೂರಿಸಿ, "ಚಾ ಕುಡದು ಬರ್ತೀನ್ರಿ" ಎಂದು ಮಾಸ್ತರರಿಗೆ ಹೇಳಿ, ಹೋಗದೆ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತೆ. ಕಣ್ಣಿಲ್ಲದವರಿಗೆ ಹೀಗೆ ಮೋಸ ಮಾಡುವುದು ಸರಿಯಲ್ಲವೆಂದು ನನಗೆ ಗೊತ್ತಿತ್ತು. ಆದರೆ ನಾನಿದ್ದೇನೆಂದು ಗೊತ್ತಾದರೆ ಅವರು ಎಂದಿನಂತೆ ಕೆಲಸ ಮಾಡುವುದಿಲ್ಲ ಎಂಬುದೂ ಗೊತ್ತಿತ್ತು. ಅಮ್ಮನವರು ನನ್ನನ್ನು ನೋಡಿ ಸುಮ್ಮನಾದರು.

ಆಗಲೇ ರಾರಾವಿಯ ಹೆಣ್ಣುಮಗಳು ಬಂದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬೆಂಚಿನ ತುದಿಗೆ ಕೂತಳು. ಮಾಸ್ತರರು ಕೈ ಮುಗಿದು ಕೇಳಿದರು.

"ಅವ್ವಾ, ಇನ್ನೊಮ್ಮೆ ಹೇಳಬೇಕಾಗೇತಿ. ನನಗ ಅರ್ಧಂಬರ್ಧ ನೆನಪೈತಿ ಅನಸ್ತೈತಿ, ಆದ್ರ ನಂಬಿಕಿಲ್ಲ. ತಪ್ಪು ಬರದ್ರ ನಿನಗ ತ್ರಾಸು."

ಅವಳು ಹೇಳಿದಳು. ಗಂಡ ಗಿರಣಿಯಲ್ಲಿ ಚೀಲ ಹೊರುತ್ತಿದ್ದವನು, ಸಂಜೆ ಬಂದು ಎದೆ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತದ್ದು, ನೀರು ಕೇಳಿದ್ದು, ತರುವಷ್ಟರಲ್ಲಿ ವಾಲಿದ್ದು. ಯಾರು ಯಾರು ಬಂದರು, ಎಲ್ಲಿ ಮಣ್ಣು ಮಾಡಿದರು. ಮೊದಲೆರಡು ಸಲ ಅವಳು ಬಹಳ ಅತ್ತಿದ್ದಳಂತೆ. ಈ ಸಲ ಅಳಲಿಲ್ಲ. ಪಾಠ ಒಪ್ಪಿಸಿದಂತೆ, ಕಿಟಕಿಯತ್ತ ನೋಡುತ್ತ ಹೇಳಿಬಿಟ್ಟಳು. ಅಳು ಇಲ್ಲದ ಆ ಹೇಳಿಕೆ ಕೇಳುವುದೇ ಕಷ್ಟವಾಗಿತ್ತು.

ಮಾಸ್ತರರು ಅರ್ಧ ಟೈಪು ಮಾಡಿದರು. ಬೆರಳು ನಿಲ್ಲಿಸಿ, ಮಣ್ಣು ಮಾಡಿದ ಜಾಗದ ಬಗ್ಗೆ ಏನೋ ಕೇಳಿದರು. ಅವಳು ಉತ್ತರ ಹೇಳುತ್ತಿರುವಾಗ ಅವರ ಎಡಗೈ ಮೇಜಿನಿಂದ ಎದ್ದು ಪೆಟ್ಟಿಗೆಯ ಕಡೆ ಹೋಯಿತು. ಹೆಬ್ಬೆರಳು ನೇರವಾಗಿ ಚೌಕ ಗುಂಡಿಯ ಮೇಲೆ ಕೂತಿತು. ಜನ ಅದನ್ನು ನಮಸ್ಕಾರ ಎಂದುಕೊಂಡಿದ್ದಿರಬೇಕು, ಅಷ್ಟು ಮೆಲ್ಲಗೆ. ಅವರ ಹುಬ್ಬು ಗಂಟಿಕ್ಕಿತು. ಕಿವಿಯನ್ನು ಪೆಟ್ಟಿಗೆಯತ್ತ ತಿರುಗಿಸಿದರು. ಮುಖದ ಮೇಲೆ ಒಂದು ಗಾಬರಿ ಹಾದುಹೋಯಿತು. ಆಮೇಲೆ ಗುಂಡಿಯನ್ನು ಒತ್ತಿದರು, ಒತ್ತಿಯೇ ಹಿಡಿದರು, ಇನ್ನೂ ಬಲವಾಗಿ ಹಿಡಿದರು.

ಅವರು ಟಕ್ ಎನ್ನುವುದಕ್ಕೆ ಕಾಯುತ್ತಿದ್ದರು.

ಒಂದು, ಎರಡು, ಮೂರು, ನಾಲ್ಕು. ಮುಂದಿನ ಹಸಿರು ದೀಪ ಆರಿತು. ಇಂದಿನ ಬೋರ್ಡುಗಳ ಗುಂಡಿಯನ್ನು ನಾಲ್ಕೆಣಿಸುವಷ್ಟು ಹೊತ್ತು ಒತ್ತಿ ಹಿಡಿದರೆ, ಹೇಳದೆ ಕೇಳದೆ ಎಲ್ಲವೂ ಆರಿಹೋಗುತ್ತದೆ.

ನನಗೆ ಎಲ್ಲವೂ ಒಟ್ಟಿಗೇ ತಿಳಿಯಿತು. ಎಂಟು ವರ್ಷ ಅವರು ಯಂತ್ರವನ್ನು ನೋಡಿದ್ದು ಹೆಬ್ಬೆರಳಿನಿಂದ. ಗುಂಡಿ ಒಳಗಿದ್ದರೆ ಚಾಲೂ, ಹೊರಗಿದ್ದರೆ ಬಂದ್. ಕಿವಿಗೆ ಫ್ಯಾನಿನ ಗರ್ರ್ ಸಾಕ್ಷಿ, ಡಿಸ್ಕಿನ ಕಟಕಟ ಸಾಕ್ಷಿ. ಕೀಲಿ ಒತ್ತದಾಗ ಓದುವ ದನಿಯೂ ಇರುವುದಿಲ್ಲವಾದ್ದರಿಂದ, ಪ್ರತಿ ಸಲ ಗಿರಾಕಿಯ ಮಾತು ಉದ್ದವಾದಾಗ ಒಮ್ಮೆ ಹೆಬ್ಬೆರಳಿಟ್ಟು ನೋಡಿಕೊಳ್ಳುತ್ತಿದ್ದರು, ಅಷ್ಟೇ. ನಾನು ಆ ಗುಂಡಿಯನ್ನು ಯಾವಾಗಲೂ ಹೊರಗೇ ಇರುವಂತೆ ಮಾಡಿದ್ದೆ. ಸದ್ದನ್ನು ಕೊಂದಿದ್ದೆ. ನಡೆಯುತ್ತಿರುವ ಯಂತ್ರ ಅವರ ಬೆರಳಿಗೂ ಕಿವಿಗೂ ಸತ್ತ ಯಂತ್ರವಾಗಿತ್ತು. ಹಚ್ಚಿದ್ದೇನೋ ಇಲ್ಲವೋ ಎಂದು ಅವರಿಗೆ ನೆನಪು ಬಾರದಿದ್ದದ್ದು ಹೀಗೆ.

ನಾನು ಎದ್ದು ಹೇಳಬೇಕಿತ್ತು. ಹೇಳಲಿಲ್ಲ.

ಮಾಸ್ತರರು ಕೀಲಿ ಒತ್ತಿದರು. ದನಿ ಬರಲಿಲ್ಲ. ಮತ್ತೊಮ್ಮೆ ಒತ್ತಿದರು. ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡರು.

"ಅವ್ವಾ, ನಾಳೆ ಬರಾಕ ಆಕೈತೇನು?"

"ಬರ್ತೀನ್ರಿ" ಎಂದು ಅವಳು ಎದ್ದಳು. ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ಹೋದ ಮೇಲೆ ಮಾಸ್ತರರು ಹೆಂಡತಿಗೆ ಹೇಳಿದರು. "ಸೋಮವಾರ ಕೋಣಿ ಕೀಲಿ ವಾಪಸ್ ಕೊಟ್ಟುಬಿಡೂಣು. ನನ್ನ ತಲಿ ನಂಬಿ ಇನ್ನೊಬ್ರ ಬಾಳೇವು ಹಾಳು ಮಾಡೂದು ಬ್ಯಾಡ. ನಾಳೆ ಆಕೀದು ಒಂದು ಬ್ಯಾರೆ ಕಡೆ ಬರಸಿಕೊಡು."

ನಾನು ಸದ್ದಾಗದಂತೆ ಎದ್ದು ಹೊರಗೆ ಬಂದೆ. ಬೇವಿನ ಮರದ ಕೆಳಗೆ ನಿಂತು ಅತ್ತೆ ಎಂದರೆ ನಾಟಕೀಯವಾದೀತು. ಆದರೆ ಅತ್ತೆ.

ಕಿತ್ತೆಸೆದ ಕೊಕ್ಕೆಯನ್ನು ಎಲ್ಲಿ ಹುಡುಕುವುದು? ಹೊಸ ಅಂಗಡಿಗಳಲ್ಲಿ ಅಂಥ ಸ್ವಿಚ್ಚನ್ನು ಕೇಳಿದರೆ ನಗುತ್ತಾರೆ. ಹಳೆಯ ಬಣ್ಣದ ಟಿವಿಗಳಲ್ಲಿ ಇದ್ದದ್ದೂ ಇದೇ ಜಾತಿಯ ಗುಂಡಿ ಎಂಬುದು ತಟ್ಟನೆ ನೆನಪಾಯಿತು. ಕುರುಗೋಡಿನಲ್ಲಿ ಒಬ್ಬರು ಹಳೆ ಟಿವಿ ಮೆಕ್ಯಾನಿಕ್ ಚಾಚಾ ಇದ್ದಾರೆ, ಕೆಲಸ ಬಿಟ್ಟರೂ ಸಾಮಾನು ಬಿಟ್ಟವರಲ್ಲ. ನೇರ ಬಳ್ಳಾರಿಗೆ ಹೋಗದೆ, ಎರಡು ಬಸ್ಸು ಬದಲಿಸಿ, ಸುತ್ತು ಹಾದಿಯಲ್ಲಿ ಕುರುಗೋಡು ಮುಟ್ಟಿದೆ. ಗುಡ್ಡದ ಬಂಡೆಗಳು ದಿನವಿಡೀ ಕಾದು ಬಿಸಿ ಕಾರುತ್ತಿದ್ದವು. ಚಾಚಾ ಪಡಸಾಲೆಯಲ್ಲಿ ಬಿಸ್ಕತ್ತು ಡಬ್ಬಿಗಳ ನಡುವೆ ಕೂತಿದ್ದರು.

ನನ್ನ ಕಥೆ ಪೂರ್ತಿ ಕೇಳಿ ಅವರು ಒಂದು ಡಬ್ಬಿ ಸುರಿದರು. ಸ್ವಿಚ್ಚು ಒಂದೊಂದನ್ನೇ ಕಿವಿಯ ಬಳಿ ಹಿಡಿದು ಒತ್ತಿ ನೋಡಿದರು. ಟಕ್. ಟಕ್. ಮೂರನೆಯದನ್ನು ನನ್ನ ಅಂಗೈಗಿಟ್ಟರು.

"ಇದು ತಗೋ ಬೇಟಿ, ಇದರ ದನಿ ಗಟ್ಟಿ ಐತಿ. ಟಿವಿ ರಿಪೇರಿಗೆ ಹೋದಾಗ ನಾ ಮೊದಲು ಮನಿಯವರನ್ನ ಕೇಳ್ತಿದ್ದೆ, ಇದನ್ನ ನೀವು ಹೆಂಗ ಹಚ್ಚತೀರಿ, ಒಮ್ಮೆ ಹಚ್ಚಿ ತೋರಸ್ರಿ ಅಂತ. ಅರ್ಧ ದೋಷ ಅಲ್ಲೇ ಸಿಗ್ತಿತ್ತು. ನೀ ಆ ಮಾಸ್ತರಗ ಒಮ್ಮೆ ಹಚ್ಚಿ ತೋರಸ್ರಿ ಅಂದಿಯೇನು?"

ಅಂದಿರಲಿಲ್ಲ. ನಾನೇ ಹಚ್ಚಿ ತೋರಿಸಿದ್ದೆ.

ಹೊರಡುವಾಗ ಒಂದು ಹಾಳು ಸ್ಟೆಬಿಲೈಜರಿನ ಮೇಲೆ ಕಣ್ಣು ಬಿತ್ತು. ವೋಲ್ಟೇಜು ಏರಿಳಿದಾಗೆಲ್ಲ ಟಿಕ್ ಟಿಕ್ ಎನ್ನುವ ಪುಟ್ಟ ರಿಲೇ ಅದರೊಳಗೆ ಇರುತ್ತದೆ. ಅದನ್ನೂ ಬಿಚ್ಚಿಕೊಂಡು ಬಂದೆ.

ಆ ರಾತ್ರಿ ಬಳ್ಳಾರಿಯ ಅಂಗಡಿಯಲ್ಲಿ ಕೂತು ಬೆಸುಗೆ ಹಾಕಿದೆ. ಡಿಸ್ಕು ಕೆಲಸ ಮಾಡುವಾಗ ಮಿನುಗುವ ಪುಟ್ಟ ದೀಪಕ್ಕೆ ಬೋರ್ಡಿನಿಂದ ಎರಡು ತಂತಿ ಬರುತ್ತವಲ್ಲ, ಅವುಗಳಿಂದ ಒಂದು ಟ್ರಾನ್ಸಿಸ್ಟರು, ಅದರಿಂದ ಆ ರಿಲೇ. ಎಸ್‌ಎಸ್‌ಡಿ ಏನಾದರೂ ಬರೆದುಕೊಂಡಾಗೆಲ್ಲ ರಿಲೇ ಟಿಕ್ ಎನ್ನಬೇಕು. ಮೊದಲ ಸಲ ಡಯೋಡನ್ನು ತಿರುಗಾಮುರುಗಾ ಹಾಕಿ ಟ್ರಾನ್ಸಿಸ್ಟರು ಸುಟ್ಟೆ. ಎರಡನೆಯ ಸಲ, ಅಂಗಡಿಯ ಇನ್ನೊಂದು ಬೋರ್ಡಿಗೆ ಸಿಕ್ಕಿಸಿದಾಗ, ಟಿಕ್ ಎಂದಿತು.

ಬೆಳಗಿನ ಮೊದಲ ಬಸ್ಸಿನಲ್ಲಿ ನನ್ನನ್ನು ಕಾಡಿದ್ದು ತಂತಿಯಲ್ಲ, ಮಾತು. 'ಬೋರ್ಡಿನಾಗ ದೋಷ ಇತ್ತು, ಸರಿ ಮಾಡಿದೆ' ಎಂದುಬಿಟ್ಟರೆ ನನ್ನ ಹೆಸರೂ ಉಳಿಯುತ್ತದೆ, ಅವರಿಗೂ ಸಮಾಧಾನವಾಗುತ್ತದೆ. ತೆಕ್ಕಲಕೋಟೆ ದಾಟುವವರೆಗೂ ಅದನ್ನೇ ಹೇಳುವುದೆಂದು ಇದ್ದೆ. ಆಮೇಲೆ ಅವರ ಹುಬ್ಬು ಗಂಟಿಕ್ಕಿದ್ದು ನೆನಪಾಯಿತು. ಗುಂಡಿ ಹೊರಗಿದ್ದದ್ದು ಅವರ ಬೆರಳಿಗೆ ಗೊತ್ತು. ಅದು ಯಾಕೆ ಹೊರಗಿತ್ತು ಎಂದು ಯಾರೂ ಹೇಳದಿದ್ದರೆ, ನಾನೇ ಹಚ್ಚುವುದು ಮರೆತೆ ಎಂಬ ಹುಳು ಅವರ ತಲೆಯಲ್ಲಿ ಹಾಗೇ ಉಳಿಯುತ್ತದೆ. ಅದಕ್ಕೆ ಮದ್ದು ನಿಜ ಒಂದೇ.

ಕೋಣೆಯಲ್ಲೇ ನೆಲದ ಮೇಲೆ ಹಾಸಿ ಕೆಲಸ ಮಾಡಿದೆ. ಟಿವಿಯ ಸ್ವಿಚ್ಚನ್ನು ಚೌಕ ಗುಂಡಿಯ ಹಿಂದೆ ಬಿಗಿದು, ಹಿಂದಿನ ಕಾಲದಂತೆ ಕರೆಂಟನ್ನೇ ಅದರ ಮೂಲಕ ಹಾಯಿಸಿ, ತುದಿಗಳಿಗೆಲ್ಲ ರಬ್ಬರ್ ಕೊಳವೆ ಹಾಕಿದೆ. ಕರೆಂಟು ಮುಟ್ಟಿದ ಕೂಡಲೇ ತಾನೇ ಚಾಲೂ ಆಗುವಂತೆ ಬೋರ್ಡಿನ ಸೆಟ್ಟಿಂಗ್ ಬದಲಿಸಿದೆ. ನನ್ನ ಹೆಮ್ಮೆಯ ಮೌನದ ಫ್ಯಾನು ಕಿತ್ತು ಹಳೆಯ ಗರ್ರ್ ಫ್ಯಾನನ್ನೇ ಎಣ್ಣೆ ಬಿಟ್ಟು ಕೂರಿಸಿ, ಡಿಸ್ಕಿನ ದೀಪದ ತಂತಿಗೆ ರಿಲೇ ಜೋಡಿಸಿದೆ.

"ಮಾಸ್ತರ್ರ, ಒಮ್ಮೆ ನೀವ ಹಚ್ಚಿ ತೋರಸ್ರಿ."

ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ಒತ್ತಿದರು. ಟಕ್. ಗುಂಡಿ ಒಳಗೆ ಕೂತಿತು, ಫ್ಯಾನು ಗರ್ರ್ ಎಂದಿತು, ರಿಲೇ ಟಿಕ್ ಟಿಕ್ ಎಂದು ಗಡಿಬಿಡಿ ಮಾಡಿತು. ಅವರು ಹೆಬ್ಬೆರಳು ತೆಗೆಯಲೇ ಇಲ್ಲ.

ನಾನು ಅವರ ಎದುರು ನೆಲದ ಮೇಲೆ ಕೂತು ಹೇಳಿದೆ. "ತಪ್ಪು ನಂದ್ರಿ. ಗುಂಡಿ ಹೊರಗ ಇತ್ತು, ಯಾಕಂದ್ರ ನಾ ಅದನ್ನ ಯಾವತ್ತೂ ಹೊರಗ ಇರೂಹಂಗ ಮಾಡಿದ್ದೆ. ನೀವು ಹಚ್ಚೂದು ಮರತಿರಲಿಲ್ಲ. ಅದು ಚಾಲೂ ಇತ್ತು. ಟಕ್ ಅಂತೈತಿ ಅಂತ ನೀವು ಒತ್ತಿ ಹಿಡದ್ರಿ, ಅದಕ್ಕ ಆರಿತು. ನಿನ್ನೆ ನಾ ಚಾ ಕುಡಿಯಾಕ ಹೋಗಿರಲಿಲ್ಲ. ಬಾಗಲದಾಗ ಕುಂತು ಕಣ್ಣಾರೆ ನೋಡಿದೆ. ಆಗಲೂ ಬಾಯಿ ಬಿಡಲಿಲ್ಲ."

ಬೈಗುಳಕ್ಕೆ ನಾನು ತಯಾರಾಗಿದ್ದೆ. ಅವರು ಹೆಂಡತಿಯ ಕಡೆ ಮುಖ ತಿರುಗಿಸಿದರು.

"ಕೇಳಿದೇನು? ಚಾಲೂ ಇತ್ತಂತ."

ಅಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗಿನ ಗೋಡೆಗೆ ಮುಖ ಮಾಡಿದರು.

ಹತ್ತು ಗಂಟೆಯ ಬಸ್ಸಿಗೆ ರಾರಾವಿಯ ಹೆಣ್ಣುಮಗಳು ಬಂದಳು. ಬೆಂಚಿನ ತುದಿಗೆ ಕೂತು, ಯಾರೂ ಕೇಳುವ ಮೊದಲೇ, "ಸಂಜೀಗೆ ಗಿರಣಿಯಿಂದ ಬಂದ್ರಿ..." ಎಂದು ಶುರು ಮಾಡಿದಳು.

"ಬ್ಯಾಡವ್ವ" ಎಂದರು ಮಾಸ್ತರರು. "ನೀ ಹೇಳಬ್ಯಾಡ. ನಾ ಹೇಳ್ತೀನಿ, ತಪ್ಪಿದ್ರ ತಿದ್ದು."

ಬೆರಳು ಓಡಿದವು. ಟೈಪು ಮಾಡುತ್ತ ಬಾಯಲ್ಲೂ ಹೇಳುತ್ತ ಹೋದರು. ಅವನು ಕಟ್ಟೆಯ ಮೇಲೆ ಕೂತದ್ದು, ಎದೆ ಹಿಡಿದದ್ದು, ಅವಳು ನೀರು ತರಲು ಒಳಗೆ ಹೋದದ್ದು, ಲೋಟ ಸಿಗದೆ ಚೊಂಬಿನಲ್ಲಿ ತಂದದ್ದು. ಮೊದಲು ಓಡಿ ಬಂದ ಪಕ್ಕದ ಮನೆಯವನ ಹೆಸರು, ಅವನ ತಂದೆಯ ಹೆಸರು. ಮಣ್ಣು ಮಾಡಿದ ಜಾಗ, ಅದರ ಮೂಡಣಕ್ಕಿರುವ ಕಾಲುವೆ. ನಿನ್ನೆ ನಾನು ಕೇಳಿದಾಗ ಅವಳೇ ಬಿಟ್ಟಿದ್ದ ಸಂಗತಿಗಳೂ ಅದರಲ್ಲಿದ್ದವು. ಒಂದು ಕಡೆಯೂ ಅವರು ತಡವರಿಸಲಿಲ್ಲ.

ನಡುವೆ ಒಮ್ಮೆ ಎಡಗೈ ಎದ್ದು ಹೆಬ್ಬೆರಳು ಗುಂಡಿಯ ಮೇಲೆ ಕೂತಿತು. ಗುಂಡಿ ಒಳಗಿತ್ತು. ಕೈ ಹಿಂದೆ ಬಂತು.

ಅವಳು ಅಳತೊಡಗಿದ್ದಳು. "ಎಲ್ಲಾ ಹೌದ್ರಿ" ಎಂದಳು. "ಚೊಂಬು ಸುದ್ದಾ ಹೌದ್ರಿ."

ಮಾಸ್ತರರು ಉಳಿಸುವ ಕೀಲಿ ಒತ್ತಿ, ಬೆರಳೆತ್ತಿ ಕಾದರು. ಪೆಟ್ಟಿಗೆಯೊಳಗೆ ಟಿಕ್ ಎಂದಿತು.